ಹೊಲದ ಉಪ್ಪು

ಅಪ್ಪಾ,

ಬೆಳಿಗ್ಗೆ ಕಾಕಾನ ಚಪ್ಪಲಿಗೆ ವಿಭೂತಿ ಅಂಟಿತ್ತು. ಸಂತೆಕಲ್ಲೂರಿನ ಹೊಲಕ್ಕೆ ಹೋದರೆ ನಾವು ವಿಭೂತಿ ಹಚ್ಚುತ್ತಿದ್ದ ನಿನ್ನ ಸಮಾಧಿಯ ಕಲ್ಲೇ ಇರಲಿಲ್ಲ. ಗಾಡಿಗಳ ಬ್ಯಾಟರಿಗೆ ಬೇಕಾದ ಲಿಥಿಯಂ ಹುಡುಕಲು ಸರ್ಕಾರ ಅನುದಾನ ಕೊಟ್ಟಿದೆಯಂತೆ. ಸರಿಯಾಗಿ ಅಲ್ಲೇ ಯಂತ್ರ ಕೊರೆಯುತ್ತಿತ್ತು.

ಮಣ್ಣಿನ ಜೊತೆ ಬಿಳಿ ಹರಳು ಮೇಲೆ ಬಂದವು.

“ಉಪ್ಪು ಬಂದೈತ್ರಿ ಸಾಹೇಬ್ರ, ನೆಲ ಚಲೋ ಐತಿ,” ಎಂದ ಯಂತ್ರದವನು ಎಂಜಿನಿಯರಿಗೆ, ಲಿಥಿಯಂ ಸಿಕ್ಕಿತೆಂದೇ ತಿಳಿದು.

ನಿನ್ನನ್ನು ಕೂರಿಸಿ ಹೂಳುವಾಗ ಸುತ್ತಲೂ ನಾವೇ ತುಂಬಿದ ಉಪ್ಪು ಅದು. ಅದರೊಳಗಿನ ಬಿಲ್ವದೆಲೆ ಇಷ್ಟು ವರ್ಷವಾದರೂ ಹಸಿರಾಗಿತ್ತು.

“ಸುಮ್ಕಿರಬೇ ಅಮೂಲ್ಯಾ. ಸಮಾಧಿ ಐತಿ ಅಂದ್ರ ನಮ್ಮ ಹೊಲ ಬಿಟ್ಟು ಹೋಗ್ತಾರ, ಬರೋ ರೊಕ್ಕನೂ ಹೋಗ್ತೈತಿ,” ಎಂದು ಕಾಕಾ ಪಿಸುಗುಟ್ಟಿದ.

ಎಂಜಿನಿಯರು ಹರಳನ್ನೂ ಎಲೆಯನ್ನೂ ಪೊಟ್ಟಣ ಕಟ್ಟಿ ಪರೀಕ್ಷೆಗೆ ಎತ್ತಿಟ್ಟರು. ನಾನು ಎಂದಿನಂತೆ ನಿಂತು ನೋಡಿದೆ.

ನಾಳೆ ಯಂತ್ರ ಇನ್ನೂ ಕೆಳಗಿಳಿಯುವ ಮುಂಚೆ, ಅಲ್ಲಿ ಯಾರು ಕೂತಿದ್ದಾರೆಂದು ಅವರಿಗೆ ನಾನೇ ಹೇಳುತ್ತೇನೆ.