ಮೂರನೇ ಮಹಡಿಗೆ ನಿಮ್ಮ ತಾಯಿ

ಹ್ಯಾಮಿಲ್ಟನ್, ಒಂಟಾರಿಯೊ
ಫೆಬ್ರವರಿ ೯

ಮನೆ ಮಾಲೀಕರಾದ ಪಶೆಕೊ ಅವರಿಗೆ,

ನಿಮ್ಮ ತಾಯಿ ಈ ಮೂರನೇ ಮಹಡಿಗೆ ವಾಸಕ್ಕೆ ಬರುತ್ತಾರೆ, ಹಾಗಾಗಿ ನಾನು ಏಪ್ರಿಲ್‌ನಲ್ಲಿ ಮನೆ ಬಿಡಬೇಕು ಎಂಬ ನಿಮ್ಮ ನೋಟಿಸು ತಲುಪಿದೆ. ತಾಯಿಯ ಹೆಸರು ಹೇಳಿದರೆ ಸಾಕು, ಒಂಟಿ ಹೆಂಗಸು ಬಾಯಿ ಮುಚ್ಚಿಕೊಂಡು ಗಂಟುಮೂಟೆ ಕಟ್ಟುತ್ತಾಳೆ ಎಂದುಕೊಂಡಿರಿ. ಕೆಳಮಹಡಿಯ ಬಾಡಿಗೆದಾರ ನಿಮ್ಮ ನೋಟಿಸು ನೋಡಿ ಹಾಗೇ ಹೋದ. ನಾನು ಹೋಗುವುದಿಲ್ಲ. ನೋಟಿಸು ಬರೆಯುವುದಷ್ಟೇ ನಿಮ್ಮ ಕೈಯಲ್ಲಿದೆ. ಬಿಡಿಸಬೇಕಾದದ್ದು ಬಾಡಿಗೆ ಮಂಡಳಿ, ಅದೂ ನನ್ನ ಮಾತು ಕೇಳಿದ ಮೇಲೆ.

ಹಾಸಿಗೆ ಯಾವ ಕೋಣೆಯಲ್ಲಿ ಹಾಕಿಸಲಿ ಎಂದು ಕೇಳಲು ನಿಮ್ಮ ತಾಯಿಯ ಮನೆಗೇ ಹೋದೆ. ಮೀನಿನ ಸಾರು ಬಡಿಸುತ್ತಿದ್ದವರು ನಕ್ಕುಬಿಟ್ಟರು.

“ನಾನಾ? ಮೂರನೇ ಮಹಡಿಗಾ? ಈ ಮಂಡಿ ಇಟ್ಕೊಂಡು ಚರ್ಚಿನ ಮೆಟ್ಲೇ ಹತ್ತೋಕಾಗಲ್ಲ ಕಣೇ! ಅವ್ನಿಗೇನು ತಲೆ ಕೆಟ್ಟಿದ್ಯಾ?”

ನೋಟಿಸು ಓದಿ ಹೇಳಿದೆ. ನಗು ನಿಂತಿತು.

“ನನ್ ಹೆಸ್ರಲ್ಲಿ ಸುಳ್ಳಾ? ಸಿಗ್ಲಿ ಅವ್ನು.”

ಮಂಡಳಿಯ ವಿಚಾರಣೆ ಗುರುವಾರ ಬೆಳಿಗ್ಗೆ ಹತ್ತಕ್ಕೆ, ವಿಡಿಯೋದಲ್ಲಿ. ದಯವಿಟ್ಟು ತಡ ಮಾಡಬೇಡಿ. ಅಂಗಿಗೆ ಇಸ್ತ್ರಿ ಹಾಕಿಕೊಳ್ಳಿ, ಕ್ರಿಸ್‌ಮಸ್ಸಿನಿಂದ ನಿಮ್ಮ ಮುಖವನ್ನೇ ನೋಡಿಲ್ಲವಂತೆ ನಿಮ್ಮ ತಾಯಿ. ಸಾಕ್ಷಿ ಹೇಳಲು ನನ್ನ ಮನೆಗೆ ಬನ್ನಿ ಎಂದರೆ ಆ ಮೆಟ್ಟಿಲು ಹತ್ತಲಾರರು. ಅದಕ್ಕೇ ಅವರ ಅಡುಗೆಮನೆಯ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಇಟ್ಟುಕೊಂಡು, ಇಬ್ಬರೂ ಅಕ್ಕಪಕ್ಕ ಕೂತು ನಿಮ್ಮನ್ನು ಕಾಯುತ್ತಿರುತ್ತೇವೆ.

ಇತಿ,
ಮೂರನೇ ಮಹಡಿಯಲ್ಲೇ ಇರುವ
ಮಾರ್ವೆಟ್ ಬ್ಯಾಪ್ಟಿಸ್ಟ್