ಆ ದಿನ ಗೇಟಿನ ಬಳಿ ಒಂದು ಗಡಿಗೆ ಇತ್ತು

ಜಿಲ್ಲೆಯ ಶಿಷ್ಟಾಚಾರ ಅಧಿಕಾರಿಗಳೇ,

ಮಾನ್ಯರೇ, ರಾಷ್ಟ್ರಪತಿಗಳು ಬೆಳಗಾವಿಗೆ ಬಂದ ದಿನ ನಿಮ್ಮ ಅಪ್ಪಣೆಯಂತೆ ನನ್ನ ಅಪ್ಪನ ಕೈಯಲ್ಲಿದ್ದ ಗಡಿಗೆಯನ್ನು ಒಡೆದರು. ಆ ಬಗ್ಗೆ ನಾನು ಬರೆದ ಪತ್ರಕ್ಕೆ ಐದು ತಿಂಗಳ ಮೇಲೆ ನಿಮ್ಮ ಉತ್ತರ ಬಂದಿದೆ: "ಕಡತಗಳನ್ನು ಪರಿಶೀಲಿಸಲಾಗಿ, ಸದರಿ ದಿನದಂದು ಅಂತಹ ಯಾವುದೇ ವಸ್ತುವನ್ನು ಯಾರೂ ತಂದಿರುವುದಿಲ್ಲ." ಗಡಿಗೆ ಒಡೆದಾಗ ಅತ್ತಿದ್ದೆ. ಅದು ಇರಲೇ ಇಲ್ಲ ಎಂದು ಓದಿದಾಗ ಅಳುವುದಕ್ಕೂ ಆಗಲಿಲ್ಲ. ಅದಕ್ಕೇ ಈ ಸಲ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನನ್ನ ಅಪ್ಪ ಉಳವಪ್ಪ, ಖಾನಾಪುರದ ಕುಂಬಾರ. ನಾನು ಟಿಳಕವಾಡಿಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಲವತ್ತೆರಡು ವರ್ಷಗಳ ಹಿಂದೆ ನಮ್ಮೂರಲ್ಲಿ ಕುಂಬಾರರ ಸಹಕಾರ ಸಂಘ ಕಟ್ಟಲು ಒಂದು ಶಿಬಿರ ನಡೆದಿತ್ತು. ಹೊರರಾಜ್ಯದಿಂದ ಬಂದಿದ್ದ ಯುವ ಕಾರ್ಯಕರ್ತರಲ್ಲಿ ಒಬ್ಬರು ಅಪ್ಪನ ತಿಗರಿಯ ಮುಂದೆ ಕುಳಿತು, ತಾವೂ ಒಂದು ಗಡಿಗೆ ಮಾಡುತ್ತೇನೆಂದು ಹಟ ಹಿಡಿದರು. ಆ ಗಡಿಗೆ ಒಂದು ಕಡೆ ವಾಲಿತು, ಬಾಯಿ ಸೊಟ್ಟಗಾಯಿತು, ತಳದಲ್ಲಿ ಅವರ ಹೆಬ್ಬೆರಳು ಆಳವಾಗಿ ಊರಿಕೊಂಡಿತು. ಅಂಥದ್ದನ್ನು ಯಾವ ಕುಂಬಾರನೂ ಉಳಿಸುವುದಿಲ್ಲ, ಮತ್ತೆ ಮಣ್ಣಿಗೆ ಕಲಸಿಬಿಡುತ್ತಾನೆ. ಅವರೂ ಕಲಸಲು ಕೈ ಹಾಕಿದ್ದರಂತೆ. ಅಪ್ಪ ತಡೆದ. "ಸೊಟ್ಟ ಆದ್ರೇನಾತ್ರೀ, ನಿಮ್ಮ ಕೈದು ಐತಿ. ಸುಟ್ಟು ಇಟ್ಟಿರ್ತೀನಿ, ಮತ್ತ ಒಯ್ಯಾಕ ಬರ್ರಿ" ಎಂದ.

ಹೌದು ಮಾನ್ಯರೇ, ಅವರೇ ಇಂದಿನ ರಾಷ್ಟ್ರಪತಿಗಳು.

ನೀವು ಅಚ್ಚು ಹಾಕಿಸಿದ ಸ್ವಾಗತ ಪುಸ್ತಿಕೆಯಲ್ಲಿ ರಾಷ್ಟ್ರಪತಿಗಳ ಬದುಕು ಹನ್ನೊಂದು ಸಾಲು. ಸೋಲುಗಳಿಗೆ ಅದರಲ್ಲಿ ಜಾಗವಿಲ್ಲ. ಅಪ್ಪನ ಬಳಿ ಅವರ ಸೋಲುಗಳೂ ಇದ್ದವು. ಅವನಿಗೆ ಓದಲು ಬರುತ್ತಿರಲಿಲ್ಲ. ಬಾಜು ಮನೆಯ ಬಾಳಾಸಾಹೇಬ ಕಾಕಾ ಮರಾಠಿ ಪೇಪರು ಓದಿ ಹೇಳುತ್ತಿದ್ದರು, ದೊಡ್ಡವಳಾದ ಮೇಲೆ ನಾನು ಕನ್ನಡದ್ದು ಓದಿ ಹೇಳಿದೆ. ನಗರಸಭೆಗೆ ನಿಂತು ಸೋತದ್ದು, ಶಾಸಕರಾದದ್ದು, ಮಂತ್ರಿಗಿರಿ ಹದಿನಾಲ್ಕು ತಿಂಗಳಿಗೇ ಹೋದದ್ದು, ಮತ್ತೆ ಎರಡು ಸಲ ಸೋತು ಪಕ್ಷದವರೇ ಮಾತಾಡಿಸದಂತಾದದ್ದು, ಆಮೇಲೆ ಎಲ್ಲಿಂದಲೋ ರಾಜ್ಯಪಾಲರಾದದ್ದು, ಎಲ್ಲವೂ ನಮ್ಮ ಮನೆಯ ಸುದ್ದಿಯಾಗಿತ್ತು. ಅವರು ಸೋತ ದಿನ ಅಪ್ಪ ಆ ಗಡಿಗೆಯನ್ನು ಗೋಡೆಯ ಮಾಡದಿಂದ ಇಳಿಸಿ, ಧೂಳು ಒರೆಸಿ, ಬೆರಳಿನಿಂದ ಬಡಿದು ಸದ್ದು ಕೇಳಿ ಮತ್ತೆ ಇಡುತ್ತಿದ್ದ. "ಸೀಳಿಲ್ಲ, ಗಟ್ಟಿ ಐತಿ" ಎನ್ನುತ್ತಿದ್ದ. ಯಾರ ಬಗ್ಗೆ ಹೇಳುತ್ತಿದ್ದನೋ ನಾನು ಕೇಳಲಿಲ್ಲ. ಅವರು ರಾಷ್ಟ್ರಪತಿಗಳಾದ ದಿನ ಮಾತ್ರ ಗಡಿಗೆ ಇಳಿಸಲಿಲ್ಲ. ನನ್ನ ಅವ್ವ ಸಾತವ್ವನಿಗೆ, "ಇನ್ನ ಬರ್ತಾರ ಅಂತ ಅನಸೂದಿಲ್ಲ" ಎಂದ.

ಅವರು ಬಂದರು. ಅಪ್ಪನಿಗೆ ಅವರ ಭೇಟಿ ಮಾಡಿಸಿ ಎಂದು ಒಂದು ತಿಂಗಳು ಮೊದಲೇ ನಿಮಗೆ ಅರ್ಜಿ ಕೊಟ್ಟಿದ್ದೆ. ಉತ್ತರವಿಲ್ಲದಿದ್ದರೂ ಅಪ್ಪನನ್ನು ಸಭಾಂಗಣದ ಗೇಟಿಗೆ ಕರೆದುಕೊಂಡು ಬಂದೆ. ಒಂದು ತಪ್ಪು ನಮ್ಮದು, ಒಪ್ಪಿಕೊಳ್ಳುತ್ತೇನೆ. ನಮ್ಮವರು ಖಾಲಿ ಗಡಿಗೆಯನ್ನು ಯಾರ ಕೈಗೂ ಕೊಡುವುದಿಲ್ಲ, ಒಂದು ಹಿಡಿ ಅಕ್ಕಿಯನ್ನಾದರೂ ಹಾಕಿ ಕೊಡುತ್ತಾರೆ. ಅಕ್ಕಿ ಚೆಲ್ಲದಿರಲೆಂದು ಅಪ್ಪ ಬಾಯಿಗೆ ಬಟ್ಟೆ ಬಿಗಿದು, ಬೀಜದ ಗಡಿಗೆಗೆ ಮಾಡುವಂತೆ ಮೇಲೆ ಮಣ್ಣು ಮೆತ್ತಿದ. "ಅಪ್ಪಾ, ಪೊಲೀಸರು ಬಿಡೂದಿಲ್ಲ" ಎಂದೆ. "ಬರಿಗಡಗಿ ಕೊಟ್ಟು ಕಳಸ್ಲೇನು? ಏನ್ ತಿಳ್ಕೋತಾರವ್ವಾ ಅವರು?" ಎಂದ.

ಬಾಯಿ ಮುಚ್ಚಿದ ಪಾತ್ರೆ ನೋಡಿದರೆ ಅನುಮಾನ ಪಡುವುದು ನಿಮ್ಮ ಕೆಲಸ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಪ್ಪ ಏನು ಹೇಳಿದ, ನೆನಪಿದೆಯೇ? "ಒಡಿಬ್ಯಾಡ್ರಿ ಸಾಹೇಬ್ರ, ನಾನ ಬಿಚ್ಚತೀನಿ, ಒಂದ ನಿಮಿಷ ತಡೀರಿ." ಎಪ್ಪತ್ತೆಂಟು ವರ್ಷದ ಬೆರಳುಗಳು, ಗಂಟು ಬಿಚ್ಚಲಾಗಲಿಲ್ಲ. ನೀವು ಗಡಿಯಾರ ನೋಡಿಕೊಂಡಿರಿ. ಪಕ್ಕದ ಪೇದೆಗೆ ಕಣ್ಣಲ್ಲೇ ಹೇಳಿದಿರಿ. ಲಾಠಿಯ ಒಂದು ಏಟು, ಅಷ್ಟೇ. ನಲವತ್ತೆರಡು ವರ್ಷ ಒಂದು ಸೀಳೂ ಬಿಡದಿದ್ದ ಗಡಿಗೆ ಡಾಂಬರಿನ ಮೇಲೆ ಬಿತ್ತು. "ಅಕ್ಕಿನಾ?" ಎಂದು ನಕ್ಕಿರಿ. ಅಪ್ಪನ ಮುಖ ನೋಡಿ ನಿಮಗೂ ಏನೋ ಅನಿಸಿರಬೇಕು, "ಹೊಸದೊಂದು ಗಡಿಗೆ ಕೊಡಿಸೋಣ ಬಿಡಿ ಅಜ್ಜಾ" ಎಂದಿರಿ. ಕುಂಬಾರನಿಗೆ ಗಡಿಗೆ ಕೊಡಿಸುವ ಈ ಔದಾರ್ಯಕ್ಕೆ ಯಾವ ಪ್ರಶಸ್ತಿ ಕೊಡಬೇಕೋ ತಿಳಿಯದು.

ಆಮೇಲೆ ನೀವು ಒಳಗೆ ಹೋದಿರಿ, ನಾವು ರಸ್ತೆಯಲ್ಲೇ ಉಳಿದೆವು. ಅಪ್ಪ ಕುಕ್ಕರಗಾಲಲ್ಲಿ ಕುಳಿತು ಚೂರುಗಳನ್ನು ಧೋತರದಲ್ಲಿ ಆರಿಸಿಕೊಳ್ಳುತ್ತಿದ್ದಾಗ ಹೊರಗಿನ ಮೈಕಿನಲ್ಲಿ ರಾಷ್ಟ್ರಪತಿಗಳ ಹಿಂದಿ ಭಾಷಣ ಶುರುವಾಯಿತು. ಇಲ್ಲೇ ಹತ್ತಿರದ ಖಾನಾಪುರದಲ್ಲಿ ತಾವು ತರುಣರಿದ್ದಾಗ ಒಂದು ಸೊಟ್ಟ ಗಡಿಗೆ ಮಾಡಿದ್ದಾಗಿ ಹೇಳಿದರು. ಬದುಕಿನಲ್ಲಿ ಸೋತಾಗಲೆಲ್ಲ ಅದು ನೆನಪಾಗುತ್ತಿತ್ತಂತೆ. "ಸುಟ್ಟು ಇಡುತ್ತೇನೆ ಎಂದಿದ್ದರು ಆ ಕುಂಬಾರರು. ಪಾಪ, ನನ್ನ ಮನಸ್ಸು ನೋಯಬಾರದೆಂದು ಹಾಗೆ ಹೇಳಿರಬೇಕು. ನನ್ನ ಬೆನ್ನ ಹಿಂದೆಯೇ ಕಲಸಿ ಹಾಕಿರುತ್ತಾರೆ" ಎಂದರು. ಒಳಗೆ ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ನೀವೂ ತಟ್ಟಿದಿರೇ, ಮಾನ್ಯರೇ?

ಹೊರಗೆ ಅಪ್ಪ ಎದ್ದು ನಿಂತ. "ಕಾಂತಾ, ನಂದ ಹೇಳಾಕತ್ತಾರ" ಎಂದ. ಒಂದು ಕೈಯಲ್ಲಿ ಧೋತರದ ಚೂರುಗಳನ್ನು ಹಿಡಿದುಕೊಂಡು, ಹಾಜರಿ ಕೂಗಿದಾಗ ನನ್ನ ತರಗತಿಯ ಮಕ್ಕಳು ಎತ್ತುವ ಹಾಗೆ ಇನ್ನೊಂದು ಕೈ ಎತ್ತಿದ. "ಕಲಸಿಲ್ರೀ, ಇಟ್ಟೀನ್ರೀ, ಇಲ್ಲೇ ಐತ್ರೀ" ಎಂದು ಕೂಗಿದ. ಪೇದೆ ಬಂದು ಅವನ ಕೈ ಹಿಡಿದು ಇಳಿಸಿದ.

ಅಪ್ಪ ಸಿಟ್ಟಾಗಲಿಲ್ಲ, ನಿಮ್ಮನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ನಾನು ಮಾತು ತಪ್ಪೀನಿ ಅಂತ ಅವರು ತಿಳ್ಕೊಂಡ ಹೋದ್ರಲ್ಲ" ಎಂಬ ಒಂದೇ ಕೊರಗು. ಊಟದ ನಡುವೆ, ನಿದ್ದೆಯಲ್ಲಿ, ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲೂ ಅದನ್ನೇ ಹೇಳಿದ. ಅವನಿಗಾಗಿಯೇ ನಿಮಗೆ ಆ ಪತ್ರ ಬರೆದದ್ದು. ದಿನವೂ "ಉತ್ತರ ಬಂತೇನವ್ವಾ?" ಎಂದು ಕೇಳುತ್ತಿದ್ದ. ನಿಮ್ಮ ಉತ್ತರ ಬಂದಾಗ ಅವನು ಹೋಗಿ ಒಂಬತ್ತು ದಿನಗಳಾಗಿದ್ದವು. ಅದನ್ನು ಅವನು ಕೇಳದೆ ಹೋದದ್ದೇ ಒಳ್ಳೆಯದಾಯಿತು.

ಪುರಾವೆ ಕೇಳುವಿರಿ. ಇತ್ತು. ಹೆಬ್ಬೆರಳು ಒತ್ತಿದ್ದ ತಳದ ಚೂರು ಒಡೆಯದೆ ಉಳಿದಿತ್ತು. ಹೆಬ್ಬೆಟ್ಟಿಲ್ಲದೆ ರೇಷನ್ನನ್ನೂ ಕೊಡದ ನಿಮ್ಮ ಸರ್ಕಾರಕ್ಕೆ ಅದಕ್ಕಿಂತ ದೊಡ್ಡ ದಾಖಲೆ ಯಾವುದಿತ್ತು? ಆದರೆ ಅಪ್ಪನನ್ನು ಕೂರಿಸಿ ಮಣ್ಣು ಮಾಡುವಾಗ ಅವ್ವ ಅದನ್ನು ಅವನ ಪಕ್ಕದಲ್ಲಿಟ್ಟಳು. "ಕಾಯ್ದಾರ, ಅವರ ಹಂತೇಕನ ಇರ್ಲಿ" ಎಂದಳು. ನನಗೆ ತಡೆಯಲು ಮನಸ್ಸಾಗಲಿಲ್ಲ.

ಆದ್ದರಿಂದ ಈಗ ಉಳಿದಿರುವ ಪುರಾವೆ ನೀವೇ. ಹತ್ತಿರ ನಿಂತು ಅದನ್ನು ಕಣ್ಣಾರೆ ನೋಡಿದ ಅಧಿಕಾರಿ ನೀವೊಬ್ಬರೇ. ನನಗೆ ಪರಿಹಾರ ಬೇಡ, ಕ್ಷಮೆ ಬೇಡ, ಆ ಪೇದೆಗೆ ಶಿಕ್ಷೆಯೂ ಬೇಡ. ದೆಹಲಿಗೆ ಒಂದು ಸಾಲು ಬರೆಯಿರಿ, ನಿಮ್ಮ ಸಹಿ ಹಾಕಿ: ಖಾನಾಪುರದ ಉಳವಪ್ಪ ನಿಮ್ಮ ಗಡಿಗೆಯನ್ನು ಕಲಸಿರಲಿಲ್ಲ, ನೀವು ಬಂದ ದಿನ ಗೇಟಿನವರೆಗೆ ತಂದಿದ್ದ.

ಇಂತಿ,
ನಿಮ್ಮ ಕಡತದಲ್ಲಿ ಇಲ್ಲದ ಗಡಿಗೆಯನ್ನು ಕಾದವನ ಮಗಳು,
ಕಾಂತಾ
ಟಿಳಕವಾಡಿ, ಬೆಳಗಾವಿ