ಗೋಣಿ ನೆನೆಸುವ ಮಡಕೆ

ಸೈನ್ಸ್ ಮೇಷ್ಟ್ರಿಗೆ, ನಿಮ್ಮ ಒಂಬತ್ತನೇ ಕ್ಲಾಸಿನ ಶಿವಲಕ್ಷ್ಮಿಯ ಅಜ್ಜಿ ಚಿತ್ತಮ್ಮ ಮಾಡುವ ನಮಸ್ಕಾರ.

ನನ್ನದು ಮೂರನೇ ಕ್ಲಾಸಿನ ಓದು, ತಪ್ಪಿದ್ದರೆ ತಿದ್ದಿಕೊಳ್ಳಿ. ರೇಷ್ಮೆಹುಳಕ್ಕೆ ಬಿಸಿಲಿನ ಕಾವು ತಾಗಬಾರದೆಂದು ಕಿಟಕಿಗೆ ಕಟ್ಟಿದ ಗೋಣಿಗೆ ಗಂಟೆಗೊಂದು ಸಲ ನೀರು ಎರಚುವವಳು ನಾನು. ನನ್ನ ಕೈನೋವು ನೋಡಲಾಗದೆ ಹುಡುಗಿ ಗೋಣಿಯ ಮೇಲೆ ತೂತಿನ ಮಡಕೆ ಕಟ್ಟಿ, ತೂತಿಗೆ ನನ್ನ ಹಳೇ ಸೀರೆಯ ಬತ್ತಿ ಇಟ್ಟು, ಗೋಣಿ ತಾನೇ ನೆನೆಯುವಂತೆ ಮಾಡಿದ್ದಳು. ಅದನ್ನು ಸ್ಕೂಲಿನ ಸೈನ್ಸ್ ಪ್ರದರ್ಶನಕ್ಕೆ ತಂದರೆ ನೀವು, "ಇದು ಸೈನ್ಸೇನಮ್ಮ? ಹಿಂದೂಪುರದ ಅಂಗಡೀಲಿ ರಾಕೆಟ್ ಮಾಡೆಲ್ ಸಿಗುತ್ತೆ, ತಗೊಂಡು ಬಾ" ಅಂದಿರಂತೆ. ಮನೆಗೆ ಬಂದವಳೇ ಬತ್ತಿ ಕಿತ್ತು ಬಿಸಾಕಿದಳು. ಮತ್ತೆ ಕಟ್ಟೇ ಅಂದರೆ, "ಅದು ಸೈನ್ಸ್ ಅಲ್ವಂತೆ, ಬಿಡಜ್ಜಿ" ಅಂತಾಳೆ. ನಾಲ್ಕು ದಿನ ತಣ್ಣಗೆ ಸೊಪ್ಪು ಮೇಯ್ದ ನನ್ನ ಹುಳಗಳಿಗೂ ನೀವೇ ಬಂದು ಹಾಗಂತ ಹೇಳಿ.

ನಾನೇ ಕಟ್ಟಲು ನೋಡಿದೆ, ನೀರೆಲ್ಲ ನೆಲಕ್ಕೆ ಹೋಯಿತು. ಜಗಳಕ್ಕೆ ನನ್ನಲ್ಲಿ ಶಕ್ತಿಯಿಲ್ಲ. ಭಾನುವಾರ ಬನ್ನಿ. ಸೆಂಟು ಹಾಕಬೇಡಿ, ಹುಳಕ್ಕೆ ಆಗದು. ಕಾಲು ತೊಳೆದು ಒಳಗೆ ಬನ್ನಿ. "ಹೇಗೆ ಕಟ್ಟಿದೆ, ತೋರಿಸಮ್ಮ" ಅಂತ ಅವಳನ್ನು ಒಂದು ಮಾತು ಕೇಳಿ. ನಾನು ಹೊಗಳಿದರೆ ಅಜ್ಜಿಯ ಮುದ್ದು ಅಂದುಕೊಳ್ಳುತ್ತಾಳೆ.

ಗೋಣಿ ಒಣಗಿತು, ಏಳುತ್ತೇನೆ.

ಇಂತಿ,
ಚಿತ್ತಮ್ಮ, ಅಗಳಿ